ನೇಮಿನಾಥನ ವಿಮಾನದ ಮೂರು ತೂತು

ನೇಮಿನಾಥ ಮಗದುಮ್ಮನ ವಿಮಾನದ ಮುಂಬದಿಯ ಹಲಗೆಯಲ್ಲಿ ಮೂರು ತೂತು ಖಾಲಿ ಉಳಿದಿದ್ದವು. ಅವುಗಳಲ್ಲಿ ಏನು ಕೂಡಿಸಬೇಕೆಂಬುದರ ಬಗ್ಗೆ ಬೋರಗಾಂವದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯ ಒಬ್ಬನೂ ಇರಲಿಲ್ಲ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರು, ಕಟಿಂಗ್ ಅಂಗಡಿಯಲ್ಲಿ ಗಲ್ಲಕ್ಕೆ ಸೋಪು ಹಚ್ಚಿಸಿಕೊಂಡು ಕೂತವರು, ಮಗ್ಗದ ಗದ್ದಲದಲ್ಲಿ ಕೈಸನ್ನೆಯಿಂದಲೇ ಮಾತಾಡುವ ಕಾರಖಾನೆಯ ಮಂದಿ, ಎಲ್ಲರಿಗೂ ಆ ಮೂರು ತೂತು ತಮ್ಮ ಮನೆಯ ಕಿಟಕಿಯಷ್ಟು ಪರಿಚಯ. ಒಬ್ಬ ಗಡಿಯಾರ ಹಾಕೆಂದ. ಒಬ್ಬ ಸಣ್ಣ ಫ್ಯಾನು ಹಾಕೆಂದ, ಮೇಲೆ ಬಿಸಿಲು ಹತ್ತಿರವಲ್ಲವೇ. ಇನ್ನೊಬ್ಬ ಒಂದು ತೂತನ್ನು ಹಾಗೇ ಬಿಡು, ಎಲೆಅಡಕೆ ಇಟ್ಟುಕೊಳ್ಳಲು ಬೇಕಾಗುತ್ತದೆ ಎಂದ.

ಸಂಗತಿ ಇಷ್ಟೇ. ವಿಮಾನದ ವೇಗ, ಎತ್ತರ, ದಿಕ್ಕು, ಎಂಜಿನಿನ ಕಾವು ಎಲ್ಲವನ್ನೂ ಒಟ್ಟಿಗೆ ತೋರಿಸುವ ಒಂದು ಬಣ್ಣದ ಪರದೆ ಹಲಗೆಯ ನಡುವೆ ಆಗಲೇ ಕೂತಿತ್ತು. ಅದು ಕರೆಂಟಿನ ಮೇಲೆ ನಡೆಯುವ ವಸ್ತು. ನಡುಆಕಾಶದಲ್ಲಿ ಅದು ಕಣ್ಣು ಮುಚ್ಚಿದರೆ ಹಾರಿಸುವವರಿಗೆ ದಾರಿ ತೋರಿಸಲು ಕರೆಂಟಿನ ಹಂಗಿಲ್ಲದ ಬದಲಿ ಉಪಕರಣ ಬೇಕು. ಆ ಬದಲಿಗಳಿಗಾಗಿ ನೇಮಿನಾಥ ಅಂಗೈ ಅಗಲದ ಮೂರು ದುಂಡು ತೂತು ಕೊರೆದಿಟ್ಟಿದ್ದ. ನಾಲ್ಕನೆಯದಕ್ಕೆ ಹಲಗೆಯಲ್ಲಿ ಜಾಗವಿರಲಿಲ್ಲ.

ನೇಮಿನಾಥನಿಗೆ ಆಗ ಅರವತ್ಮೂರು. ಏಳನೆಯ ಇಯತ್ತೆ ಮುಗಿಸಿ ಅಪ್ಪನ ಮಗ್ಗಗಳ ನಡುವೆ ಇಳಿದ ಮನುಷ್ಯ ನಲವತ್ತು ವರ್ಷ ಎಣ್ಣೆ ಕೈಯಲ್ಲೇ ಬದುಕಿದ್ದ. ಯಾವ ಮಗ್ಗ ಯಾಕೆ ನಿಂತಿತೆಂದು ಬಾಗಿಲಾಚೆ ಚಪ್ಪಲಿ ಬಿಡುವಾಗಲೇ ಸದ್ದಿನಿಂದ ಹೇಳುತ್ತಿದ್ದ. ಹನ್ನೆರಡು ವರ್ಷದವನಿದ್ದಾಗ ಕಬ್ಬಿನ ಮೇಲೆ ಔಷಧಿ ಹೊಡೆಯಲು ಒಂದು ಸಣ್ಣ ವಿಮಾನ ಬಂದಿತ್ತು. ಊರ ಹುಡುಗರೆಲ್ಲ ಹೆದರಿ ಕಬ್ಬಿನೊಳಗೆ ಹೊಕ್ಕರೆ ಇವನು ಅದರ ನೆರಳಿನ ಬೆನ್ನು ಹತ್ತಿ ಹೊಳೆಯ ದಂಡೆಯ ತನಕ ಓಡಿ, ಒಂದು ಚಪ್ಪಲಿ ಕಳಕೊಂಡು ಬಂದಿದ್ದ. ಅವ್ವ ಬೈದಳು. ಅಂದು ತಲೆಯೊಳಗೆ ಹೊಕ್ಕ ವಿಮಾನ ಮುಂದೆ ನಲವತ್ತಮೂರು ವರ್ಷ ಹೊರಗೆ ಬರಲಿಲ್ಲ. ಐವತ್ತೈದಕ್ಕೆ ಮಗ್ಗಗಳನ್ನು ಮಗನಿಗೆ ಒಪ್ಪಿಸಿ, ಇಂಗ್ಲಿಷ್ ಪುಸ್ತಕವನ್ನು ಪದಕೋಶ ಹಿಡಿದು ಸಾಲುಸಾಲಾಗಿ ಓದಿಕೊಂಡು, ಅಲ್ಯೂಮಿನಿಯಮ್ ಕೊಳವೆ ಜೋಡಿಸತೊಡಗಿದ. ರೆಕ್ಕೆಗೆ ಹೊದಿಸುವ ಬಟ್ಟೆಯನ್ನು ಹೊಲಿದವಳು ಹೆಂಡತಿ ತಾರಾಬಾಯಿ. ಎಂಟು ವರ್ಷ ಹಿಡಿಯಿತು. ಕೊನೆಯ ಎರಡು ವರ್ಷ ಬರೀ ಕಾಗದಪತ್ರಕ್ಕೇ ಹೋದವು. ಅಂತೂ ಪರೀಕ್ಷೆಗಾಗಿ ಹಾರಿಸಿ ನೋಡುವ ಪರವಾನಗಿ ಕೈಗೆ ಬಂತು. ಆ ಪರೀಕ್ಷೆ ದಾಟಿದರೆ ಕಾಯಂ ಪರವಾನಗಿ ಸಿಗುತ್ತಿತ್ತು.

ಪರವಾನಗಿಯ ಮುದ್ದತು ಜೂನ್ ಕೊನೆಗೆ ಮುಗಿಯುತ್ತಿತ್ತು. ಅದಕ್ಕೂ ಮೊದಲೇ, ಜೂನ್ ಮೊದಲ ವಾರದಲ್ಲೇ, ಮಿರಗದ ಮಳೆ ಬೀಳುತ್ತಿತ್ತು. ವಿಮಾನ ಓಡಬೇಕಾದ ನೆಲ ದಿಗ್ಗೇವಾಡಿಯಲ್ಲಿ, ಕೃಷ್ಣಾ ದಂಡೆಗೆ ಹತ್ತಿರ, ಗೆಳೆಯ ಅಣ್ಣಾಸಾಬನ ಹೊಲದಲ್ಲಿತ್ತು. ನೀರು ಹೆಚ್ಚಾಗಿ ಉಪ್ಪೆದ್ದು ಸವಳು ಹಿಡಿದ ಎಂಟು ಎಕರೆ. ಬೇಸಗೆಯಲ್ಲಿ ಅದು ಬಡಿದ ಅಂಗಳದಂತೆ ಗಟ್ಟಿ, ಬೆಳ್ಳಗೆ, ಸಪಾಟು. ಒಂದು ಮಳೆ ಬಿದ್ದರೆ ಕಲಸಿದ ಹಿಟ್ಟು.

"ಲೇ ನೇಮ್ಯಾ, ಈ ಹೊಲದಾಗ ಕಬ್ಬ ಬೆಳೀಲಿಲ್ಲ, ಜ್ವಾಳ ಬೆಳೀಲಿಲ್ಲ. ನಿನ್ನ ವಿಮಾನರ ಬೆಳೀತೈತೇನ ನೋಡೂಣು," ಎಂದು ಅಣ್ಣಾಸಾಬ ಜಾಗ ಬಿಟ್ಟುಕೊಟ್ಟಿದ್ದ.

ಮೊದಲ ಸಲ ಹಾರಿಸಲು ಒಪ್ಪಿದವಳು ಸ್ನೇಹಲ. ಅಥಣಿ ಕಡೆಯ ದ್ರಾಕ್ಷಿ ತೋಟದವರ ಮಗಳು. ದೂರದ ಊರೊಂದರಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಾಳೆ, ಇಂಥ ಮನೆಯಲ್ಲಿ ಕಟ್ಟಿದ ವಿಮಾನಗಳನ್ನು ಮೊದಲು ಏರಿಸಿ ಇಳಿಸಿದ ಅನುಭವವಿದೆ. ಮೇ ಕೊನೆಗೆ ಐದು ದಿನದ ರಜೆಯಲ್ಲಿ ಬರುತ್ತೇನೆ ಎಂದಿದ್ದಳು. ಅವಳು ಹಾರಿಸದೆ ಹೋದರೆ ಮಳೆ, ಮಳೆ ಕಳೆಯುವುದರೊಳಗೆ ಪರವಾನಗಿ ಸತ್ತು ಮತ್ತೆ ಎರಡು ವರ್ಷದ ಓಡಾಟ. ಅರವತ್ತೈದಕ್ಕೆ ಮೊಣಕಾಲು ಏನು ಹೇಳುತ್ತದೋ ಯಾರಿಗೆ ಗೊತ್ತು. ಅವಳ ಹತ್ತಿರ ತಾನೂ ಹಾರಿಸುವುದನ್ನು ಕಲಿಯಬೇಕೆಂಬ ಆಸೆ ನೇಮಿನಾಥನಿಗಿತ್ತು. ಅದಕ್ಕೆ ವಿಮಾನ ಮೊದಲು ನೆಲ ಬಿಡಬೇಕಲ್ಲ.

ಚಳಿಗಾಲದಲ್ಲಿ ಒಮ್ಮೆ ಬಂದು ನೋಡಿದಾಗಲೇ ಸ್ನೇಹಲ ಕರಾರು ಹಾಕಿದ್ದಳು. ಪರದೆಯ ಮೇಲೆ ಬೆರಳಾಡಿಸಿ, "ಇದು ಚಂದ ಐತಿ ಕಾಕಾ. ಇದು ಆರಿತು ಅಂದ್ರ ನನಗ ಯಾರು ಹೇಳೋರು?" ಎಂದು ಕೇಳಿದ್ದಳು. ಬದಲಿ ಸಾಧನಗಳನ್ನು ನೀವೇ ಆರಿಸಿ, ಯಾಕೆ ಆರಿಸಿದಿರೆಂದು ನನಗೆ ಒಪ್ಪಿಸಿ ಹೇಳಬೇಕು, ಒಪ್ಪಿಗೆಯಾಗದಿದ್ದರೆ ನಾನು ಒಳಗೆ ಕೂಡುವುದಿಲ್ಲ ಎಂದು ಹೇಳಿ ಹೋಗಿದ್ದಳು.

ನೇಮಿನಾಥ ನಾಲ್ಕು ತಿಂಗಳು ಅದನ್ನೇ ಉಂಡ, ಅದನ್ನೇ ಹೊದ್ದ. ಇನ್ನೊಂದು ಸಣ್ಣ ಪರದೆಯನ್ನು ಅದರದೇ ಬ್ಯಾಟರಿ ಸಮೇತ ಹಾಕುವುದು ಈಗಿನ ರೂಢಿಯೆಂದು ಪುಸ್ತಕದಲ್ಲಿತ್ತು. ಅವನಿಗೆ ಅದು ರುಚಿಸಲಿಲ್ಲ. ಒಂದೇ ತಾಯಿಯ ಇಬ್ಬರು ಮಕ್ಕಳಿಗೆ ಒಂದೇ ದಿನ ಜ್ವರ ಬರುವುದನ್ನು ಅವನು ನೋಡಿದ್ದ. ಫೋನಿನಲ್ಲಿ ವೇಗ ಕಾಣುತ್ತದಲ್ಲ ಎಂದು ಮಗ ಅಂದಾಗ ಕೂಡಿಸಿಕೊಂಡು ಬಿಡಿಸಿ ಹೇಳಿದ: ಫೋನು ಹೇಳುವುದು ನೆಲದ ಮೇಲೆ ಎಷ್ಟು ದಾರಿ ಸಾಗಿತೆಂದು. ರೆಕ್ಕೆಗೆ ಬೇಕಾದದ್ದು ಗಾಳಿ ಎಷ್ಟು ರಭಸದಿಂದ ತಾಗುತ್ತಿದೆ ಎಂಬ ಲೆಕ್ಕ. ಅದು ತಾಸಿಗೆ ಅರವತ್ತು ಕಿಲೋಮೀಟರಿಗಿಂತ ಕಡಿಮೆಯಾದರೆ ರೆಕ್ಕೆ ಕೈಬಿಡುತ್ತದೆ, ಆಗ ಫೋನು ಹಿಡಿದುಕೊಂಡೇ ಬೀಳಬೇಕಾಗುತ್ತದೆ.

ಹಾಗಾಗಿ ಮುಳ್ಳಿನ ಗಡಿಯಾರದಂಥ ಹಳೆಯ ನಮೂನೆಗಳನ್ನೇ ಆರಿಸಿ ಮೂರು ತೂತಿಗೂ ಕೂಡಿಸಿದ. ಒಂದು ಗಾಳಿಯ ವೇಗಕ್ಕೆ, ಒಂದು ಎತ್ತರಕ್ಕೆ. ಮೂರನೆಯದು ವಿಮಾನ ಅಡ್ಡಡ್ಡ ಜಾರುತ್ತಿದೆಯೇ ಎಂದು ತೋರಿಸುವ ಗುಂಡಿನ ನಳಿಗೆ. ಬಾಗಿದ ಗಾಜಿನೊಳಗೆ ಒಂದು ಗುಂಡು ಅತ್ತಿತ್ತ ಉರುಳುತ್ತದೆ.

ಹೇಳಿದ ದಿನಕ್ಕೆ ಸ್ನೇಹಲ ಬಂದಳು. ವಿಮಾನ ನಾಲ್ಕು ದಿನ ಮೊದಲೇ ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ರೆಕ್ಕೆ ಬಿಚ್ಚಿಕೊಂಡು ದಿಗ್ಗೇವಾಡಿಗೆ ಬಂದು, ಮತ್ತೆ ರೆಕ್ಕೆ ಕಟ್ಟಿಕೊಂಡು, ಹೊಲದಂಚಿನ ಬೇವಿನ ಮರದ ಕೆಳಗೆ ನಿಂತಿತ್ತು. ನೇಮಿನಾಥ ಒಂದೊಂದನ್ನೂ ತೋರಿಸಿ ಹೇಳುತ್ತ ಹೋದ. ಅವಳು ತಲೆಯಾಡಿಸುತ್ತ ಕೇಳಿದಳು. ಮೋಡದಲ್ಲೋ ಕತ್ತಲಲ್ಲೋ ಸಿಕ್ಕಾಗ ವಿಮಾನ ಎತ್ತ ವಾಲಿದೆಯೆಂದು ತೋರಿಸುವ ಸಾಧನವನ್ನು ಯಾಕೆ ಬಿಟ್ಟಿರಿ ಎಂದು ಕೊನೆಗೆ ಕೇಳಿದಳು. ಈ ಪ್ರಶ್ನೆ ಬರುತ್ತದೆಂದು ಅವನು ಕಾಯುತ್ತಲೇ ಇದ್ದ.

"ನಾವು ಜೈನರು, ಹೊತ್ತ ಮುಳುಗೂದ್ರಾಗ ಉಂಡ ಕೈ ತೊಳಿಯೋ ಮಂದಿ, ತಂಗಿ. ಕತ್ತಲದಾಗ ಮ್ಯಾಲೆ ನಮಗೇನ ಕೆಲಸ? ಇನ್ನ ಮೋಡ ಕಂಡ್ರ ನಾ ಮನಿ ಬಿಟ್ಟ ಹೊಂಡೂದಿಲ್ಲ."

ಸ್ನೇಹಲಗೆ ನಗು ತಡೆಯಲಿಲ್ಲ. ಇಷ್ಟು ಗಟ್ಟಿ ಕಾರಣವನ್ನು ತನ್ನ ವಿದ್ಯಾರ್ಥಿಗಳು ಯಾರೂ ಕೊಟ್ಟಿಲ್ಲವೆಂದು ಒಪ್ಪಿಕೊಂಡಳು. ತಾರಾಬಾಯಿ ಬುತ್ತಿ ಬಿಚ್ಚಿ ರೊಟ್ಟಿ, ಮಡಿಕೆಕಾಳಿನ ಪಲ್ಯ, ಶೇಂಗಾ ಚಟ್ನಿ ಬಡಿಸಿದಳು. ಅಣ್ಣಾಸಾಬ ಎರಡು ಸಲ ಚಟ್ನಿ ಹಾಕಿಸಿಕೊಂಡ. ಎಲ್ಲ ಮದುವೆಯ ಹಿಂದಿನ ದಿನದಂತಿತ್ತು.

ಸಂಜೆ ನಾಲ್ಕಕ್ಕೆ ಸ್ನೇಹಲ ಒಳಗೆ ಕೂತು, ಹಾರಿಸುವ ಮೊದಲು ನೆಲದ ಮೇಲೇ ಒಮ್ಮೆ ಜೋರಾಗಿ ಓಡಿಸಿ ನೋಡುವೆನೆಂದು ಎಂಜಿನ್ ಚಾಲೂ ಮಾಡಿದಳು. ವಿಮಾನ ಬಿಳಿ ಧೂಳೆಬ್ಬಿಸಿಕೊಂಡು ಸವಳಿನ ಮೇಲೆ ಓಡಿತು. ನೇಮಿನಾಥನ ಎದೆಯೂ ಅದರ ಜೊತೆ ಓಡಿತು. ಬಾಲ ಮೇಲೆದ್ದಿತು. ಅಷ್ಟರಲ್ಲಿ ಎಂಜಿನಿನ ಸದ್ದು ಇಳಿದು, ವಿಮಾನ ಹೊಲದ ಆ ತುದಿಯಲ್ಲಿ ತಿರುಗಿ, ನಡೆಯುವ ವೇಗದಲ್ಲಿ ವಾಪಸು ಬಂತು.

ಸ್ನೇಹಲ ಕೆಳಗಿಳಿದಳು. ಮುಖದಲ್ಲಿ ನಗುವಿರಲಿಲ್ಲ. ಬಾಲ ಏಳುವಷ್ಟು ವೇಗದಲ್ಲಿ ಹೋಗುತ್ತಿದ್ದರೂ ಪರದೆಯ ಮೇಲೆ ವೇಗ ಸೊನ್ನೆ. ಬದಲಿ ಗಡಿಯಾರ ನೋಡಿದರೆ ಅದರ ಮುಳ್ಳೂ ಮಲಗಿತ್ತು.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ರೆಕ್ಕೆಯ ಕೆಳಗಿಂದ ಮುಂದಕ್ಕೆ ಚಾಚಿದ ಒಂದು ಸಣ್ಣ ನಳಿಗೆ ಇರುತ್ತದೆ. ಎದುರಿನ ಗಾಳಿ ಅದರ ಬಾಯಿಯನ್ನು ಒತ್ತಿದಷ್ಟೂ ವೇಗದ ಮುಳ್ಳು ಏರುತ್ತದೆ. ಆ ನಳಿಗೆಯ ಬಾಯಿಗೆ ಬಿಳಿ ಬಟ್ಟೆಯ ತುಣುಕೊಂದನ್ನು ಬಿಳಿ ದಾರದಿಂದ ಬಿಗಿಯಾಗಿ ಕಟ್ಟಿತ್ತು. ಅದು ತಾರಾಬಾಯಿಯ ಕೆಲಸ, ನೇಮಿನಾಥನ ಒಪ್ಪಿಗೆಯಿಂದಲೇ ಆದದ್ದು. ವಿಮಾನ ಮರದ ಕೆಳಗೆ ನಿಂತ ಮೊದಲ ದಿನವೇ ಮಣ್ಣಿನ ಗೂಡು ಕಟ್ಟುವ ಕಣಜದ ಹುಳವೊಂದು ಆ ನಳಿಗೆಯ ಸುತ್ತ ಸುಳಿದಾಡಿತ್ತು. ಒಳಗೆ ಹೊಕ್ಕು ಸತ್ತರೆ ಪಾಪವೆಂದು ತಾರಾಬಾಯಿ ನೀರು ಸೋಸುವ ಬಟ್ಟೆಯ ತುಣುಕನ್ನು ಎರಡು ಮಡಿಕೆ ಮಾಡಿ ಕಟ್ಟಿದಳು. ಹುಟ್ಟಿದಾಗಿನಿಂದ ಆ ಬಟ್ಟೆಯಲ್ಲಿ ಸೋಸಿದ ನೀರು ಕುಡಿದವರು. ನೀರು ದಾಟುವ ಬಟ್ಟೆಯನ್ನು ಗಾಳಿ ದಾಟದೇ ಇರುತ್ತದೆಯೇ? ನೇಮಿನಾಥ ಬಾಯಿಟ್ಟು ಊದಿಯೂ ನೋಡಿದ್ದ. ಗಾಳಿ ಸಲೀಸಾಗಿ ಹೋಗಿತ್ತು.

ಆದರೆ ಅದು ಅವರದೇ ಮಗ್ಗದಿಂದ ಇಳಿದ ಹೊಸ ಬಟ್ಟೆ. ನೂಲಿಗೆ ಹಾಕಿದ ಗಂಜಿಯನ್ನು ಇನ್ನೂ ಒಗೆದು ತೆಗೆದಿರಲಿಲ್ಲ. ಎರಡನೆಯ ದಿನ ಅಡ್ಡಮಳೆಯ ನಾಲ್ಕು ಹನಿ ಬಿದ್ದು ಗಂಜಿ ಮೆತ್ತಗಾಯಿತು, ಗಾಳಿಗೆ ಎದ್ದ ಸವಳಿನ ಹುಡಿ ಬಂದು ಅದಕ್ಕೆ ಮೆತ್ತಿಕೊಂಡಿತು, ಮೇಲೆ ಎರಡು ದಿನದ ಬಿಸಿಲು. ಬಿಚ್ಚಿ ನೋಡಿದರೆ ಬಟ್ಟೆ ಒಣಗಿದ ಹಪ್ಪಳವಾಗಿತ್ತು. ನಲವತ್ತು ವರ್ಷ ನೂಲಿಗೆ ಗಂಜಿ ಹಾಕಿಸಿದ ಮನುಷ್ಯ ಅದನ್ನು ಅಂಗೈಯಲ್ಲಿಟ್ಟು ಉಗುರಿನಿಂದ ಕೆರೆದು ನೋಡಿದ.

"ಹುಳಾ ಸಾಯಬಾರದಂತ ಕಟ್ಟಿನವಾ. ಮನಿಷ್ಯಾರ ಸಾಯ್ತಿದ್ರು," ಎಂದಳು ತಾರಾಬಾಯಿ. ಅವಳ ದನಿ ಸಣ್ಣದಾಗಿತ್ತು.

ಸ್ನೇಹಲ ಅವಳ ಭುಜದ ಮೇಲೆ ಕೈಯಿಟ್ಟು, ಬಟ್ಟೆ ನೆಲದ ಮೇಲೇ ನಿಜ ಹೇಳಿತು, ಮೇಲೆ ಹೋದಮೇಲೆ ಹೇಳಿದ್ದರೆ ತ್ರಾಸವಿತ್ತು ಎಂದು ಸಮಾಧಾನ ಮಾಡಿದಳು. ಆಮೇಲೆ ನೇಮಿನಾಥನ ಕಡೆ ತಿರುಗಿದಳು.

"ಬಟ್ಟಿ ಬಿಚ್ಚಿದ್ರ ಇವತ್ತಿನ ಕೆಲಸ ಆಗತೈತಿ ಕಾಕಾ. ಆದ್ರ ನಿಮ್ಮ ಪರದೆ, ನಿಮ್ಮ ಗಡಿಯಾರ, ಎರಡೂ ಆ ಒಂದ ನಳಿಗಿಗೆ ಕಟ್ಟೀರಿ. ಎರಡು ನಳ, ಒಂದ ಟಾಕಿ. ಟಾಕಿ ಬತ್ತಿದ ದಿನ ಯಾವ ನಳ ತಿರುವೂದು?"

ಒಂದೇ ತಾಯಿಯ ಮಕ್ಕಳು ಬೇಡವೆಂದು ಊರಿಗೆಲ್ಲ ಪಾಠ ಹೇಳಿದವನು ತಾನೇ ಎರಡನ್ನೂ ಒಂದೇ ಹೊಕ್ಕುಳಬಳ್ಳಿಗೆ ಕಟ್ಟಿದ್ದ. ಸ್ನೇಹಲ ತನ್ನ ಮಾತನ್ನು ಬದಲಿಸಲಿಲ್ಲ. ರಜೆ ಇನ್ನು ಮೂರು ದಿನ ಉಳಿದಿದೆ. ವೇಗಕ್ಕೆ ಬೇರೆಯದೇ ಬೇರಿರುವ ಬದಲಿ ತೋರಿಸಿದರೆ ಮೂರನೆಯ ದಿನದ ಮುಂಜಾನೆ ಹಾರಿಸುತ್ತೇನೆ, ಇಲ್ಲದಿದ್ದರೆ ದೀಪಾವಳಿಯ ನಂತರ ನೋಡೋಣ ಎಂದು ಹೇಳಿ ಅಥಣಿಗೆ ಹೊರಟಳು. ದೀಪಾವಳಿಯ ಹೊತ್ತಿಗೆ ಪರವಾನಗಿ ಇರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಅಣ್ಣಾಸಾಬ ಗಂಡಹೆಂಡತಿಯನ್ನು ತನ್ನ ಹಳೆಯ ಜೀಪಿನಲ್ಲಿ ಬೋರಗಾಂವಕ್ಕೆ ಬಿಡಲು ಹೊರಟ. ಜೀಪು ರಾಯಬಾಗ ದಾಟಿತು. ನೇಮಿನಾಥನ ತಲೆಯಲ್ಲಿ ಎರಡನೆಯ ನಳಿಗೆ ಹಾಕುವ ವಿಚಾರ ಸುತ್ತುತ್ತಿತ್ತು. ಆದರೆ ಒಂದು ನಳಿಗೆ ಹೊಕ್ಕ ಕಣಜಕ್ಕೆ ಎರಡನೆಯದರ ವಿಳಾಸ ಸಿಗುವುದು ಕಷ್ಟವೇ? ಯೋಚಿಸುತ್ತ ಕೈಯನ್ನು ಕಿಟಕಿಯಾಚೆ ಇಟ್ಟಿದ್ದ. ಚಿಕ್ಕೋಡಿ ರಸ್ತೆಯ ಇಳಿಜಾರಿನಲ್ಲಿ ಜೀಪು ಜೋರಾದಾಗ ಗಾಳಿ ಅಂಗೈಯನ್ನು ಹಿಂದಕ್ಕೆ ನೂಕಿತು. ಏರಿನಲ್ಲಿ ಸಡಿಲ ಬಿಟ್ಟಿತು. ಅವನು ಅಂಗೈ ಒಳಗೆ ತಂದುಕೊಂಡು ಮೊದಲ ಸಲ ಕಂಡವನಂತೆ ನೋಡಿದ. ಅಂಗೈಗೆ ತೂತಿಲ್ಲ. ತೂತಿಲ್ಲದ್ದು ಮುಚ್ಚಿಹೋಗುವುದು ಹೇಗೆ?

"ಅಣ್ಣ್ಯಾ, ನಲವತ್ತರಾಗ ಹೊಡಿ," ಎಂದ.

ಅಣ್ಣಾಸಾಬ ಹೊಡೆದ. ಐವತ್ತಕ್ಕೆ ಏರಿಸು ಎಂದ, ಏರಿಸಿದ. ಅರವತ್ತು ಎಂದ. ಪ್ರತಿ ಸಲ ನೇಮಿನಾಥ ಕೈ ಹೊರಗೆ ಚಾಚಿ ಕಣ್ಣು ಮುಚ್ಚಿ ಕೂತಿರುವುದನ್ನು ಕಂಡು ಅಣ್ಣಾಸಾಬ ಹಿಂದಿನ ಸೀಟಿನ ತಾರಾಬಾಯಿಗೆ, "ವೈನಿ, ಇವಗ ಬಿಸಲ ಬಡದೈತಿ, ಮನಿಗಿ ಹೋಗಿ ಉಳ್ಳಾಗಡ್ಡಿ..." ಎಂದವನು ಜೈನರ ಮನೆಯಲ್ಲಿ ಉಳ್ಳಾಗಡ್ಡಿ ಸಿಗುವುದಿಲ್ಲವೆಂದು ನೆನಪಾಗಿ ಸುಮ್ಮನಾದ. ತಾರಾಬಾಯಿಗೆ ಅಂದು ಸಂಜೆ ಮೊದಲ ಸಲ ನಗು ಬಂತು.

ಮರುದಿನ ಬೆಳಗಿನಿಂದ ನೇಮಿನಾಥ ಮಗ್ಗದ ಶೆಡ್ಡು ಹೊಕ್ಕ. ರೊಟ್ಟಿಯ ಅರ್ಧದಷ್ಟು ಒಂದು ತಗಡಿನ ರೆಕ್ಕೆ ಕತ್ತರಿಸಿದ. ಅದನ್ನು ಬಾಗಿಲಿನಂತೆ ಒಂದು ಕೀಲಿನ ಮೇಲೆ ತೂಗಿಬಿಟ್ಟು, ಹಿಂದಕ್ಕೆ ಬಾಗಿದಷ್ಟೂ ಎಳೆದು ಹಿಡಿಯುವಂತೆ ಮಗ್ಗದ ಹಳೆಯ ಸ್ಪ್ರಿಂಗೊಂದನ್ನು ಕೂಡಿಸಿದ. ಯಾವ ಸ್ಪ್ರಿಂಗು ಎಷ್ಟು ವರ್ಷಕ್ಕೆ ಸಡಿಲಾಗುತ್ತದೆಂದು ಅವನಿಗೆ ಯಾವ ಪುಸ್ತಕವೂ ಹೇಳಬೇಕಾಗಿರಲಿಲ್ಲ. ಪಕ್ಕದಲ್ಲಿ ಚಕ್ರದ ಕಾಲುಭಾಗದಂಥ ಇನ್ನೊಂದು ತಗಡು, ಗುರುತು ಹಾಕಲು.

ಮಧ್ಯಾಹ್ನದ ಗಾಳಿಗೆ ಅಳತೆ ಕೆಡುತ್ತದೆಂದು ಅದರ ಮರುದಿನ ನಸುಕಿನಲ್ಲಿ ಅಣ್ಣಾಸಾಬನನ್ನು ಮತ್ತೆ ಎಳೆತಂದ. ಜೀಪು ಎಬ್ಬಿಸುವ ಗಾಳಿ ತಾಗಬಾರದೆಂದು ಆರಡಿ ಬಿದಿರನ್ನು ಮುಂದಕ್ಕೆ ಚಾಚಿ ಕಟ್ಟಿ ಅದರ ತುದಿಗೆ ತಗಡಿನ ರೆಕ್ಕೆ ಸಿಕ್ಕಿಸಿದ. ಕರೋಶಿ ಕಡೆಯ ನೇರ ರಸ್ತೆಯಲ್ಲಿ ಹೋಗುವಾಗೊಮ್ಮೆ, ಬರುವಾಗೊಮ್ಮೆ ಓಡಿಸಿದರು. ಒಂದು ಕಡೆ ಗಾಳಿ ಎದುರಾದರೆ ಇನ್ನೊಂದು ಕಡೆ ಬೆನ್ನಿಗಿರುತ್ತದೆ, ಎರಡರ ನಡುವಿನದು ನಿಜ. ಐವತ್ತು, ಅರವತ್ತು, ಎಪ್ಪತ್ತು, ಎಂಬತ್ತು ಎಂದು ತಗಡು ನಿಂತಲ್ಲೆಲ್ಲ ಮೊಳೆಯಿಂದ ಗೀರಿದ. ರೆಕ್ಕೆ ಕೈಬಿಡುವ ಮುಂಚೆಯೇ ಎಚ್ಚರವಾಗಲೆಂದು ಎಪ್ಪತ್ತರ ಕೆಳಗೆ ಕೆಂಪು ಬಣ್ಣ ಬಳಿದ. ಹಾಲಿಗೆ ಹೊರಟ ಮಂದಿ ಸೈಕಲ್ಲು ನಿಲ್ಲಿಸಿ ನೋಡಿದರು. ಬಿದಿರಿನ ಮೂಗು ಹಚ್ಚಿಕೊಂಡ ಜೀಪು ಹನ್ನೆರಡು ಸಲ ಎದುರಿಗೆ ಬಂದರೆ ಯಾರು ತಾನೇ ನೋಡುವುದಿಲ್ಲ. ಏನು ನಡೆದಿದೆ ಎಂದು ಕೇಳಿದವರಿಗೆ ಅಣ್ಣಾಸಾಬ, ಗಾಳಿಗೆ ತಕ್ಕಡಿ ಹಿಡಿದಿದ್ದೇವೆ ಎಂದು ಉತ್ತರ ಕೊಟ್ಟ.

ಅಂದೇ ದಿಗ್ಗೇವಾಡಿಗೆ ಹೋಗಿ ತಗಡನ್ನು ಎಡರೆಕ್ಕೆಯ ಆಸರೆಯ ಕೊಳವೆಗೆ, ಒಳಗೆ ಕೂತವರು ಕಣ್ಣು ಹೊರಳಿಸಿದರೆ ಕಾಣುವ ಜಾಗದಲ್ಲಿ ಬಿಗಿದ. ತಗಡಿನ ಧೈರ್ಯ ಸಿಕ್ಕಮೇಲೆ ಮೂರನೆಯ ತೂತಿನ ಗುಂಡಿನ ನಳಿಗೆಯೂ ಅವನಿಗೆ ಯಾಕೋ ದಂಡವೆನಿಸಿತು. ಅದನ್ನು ಕಿತ್ತು, ಮುಂದಿನ ಗಾಜಿನ ನಡುವೆ ಗೇಣುದ್ದ ಕೆಂಪು ನೂಲನ್ನು ಅಂಟಿಸಿದ. ವಿಮಾನ ನೆಟ್ಟಗೆ ಹೋದರೆ ನೂಲು ನೆಟ್ಟಗೆ, ಅಡ್ಡ ಜಾರಿದರೆ ನೂಲು ಅಡ್ಡ. ಮಗ್ಗದವನ ಮನೆಯಲ್ಲಿ ನೂಲಿಗೇನು ಬರ.

ಹೀಗೆ ಒಂದು ತೂತು ಮತ್ತೆ ಖಾಲಿಯಾಯಿತು. ಅದನ್ನು ತುಂಬಿದವಳು ತಾರಾಬಾಯಿ. ಎರಡು ದಿನದಿಂದ ಅವಳೂ ತನ್ನೊಳಗೇ ಏನನ್ನೋ ನೇಯುತ್ತಿದ್ದಳು. ಕಣಜ ಇನ್ನೂ ಆ ಮರದ ಕೆಳಗೇ ಇತ್ತು, ನಳಿಗೆಗೆ ಬಟ್ಟೆ ಬೇಕೇ ಬೇಕಿತ್ತು. ಆದರೆ ಹಾರುವಾಗ ಅದು ಅಲ್ಲಿರಕೂಡದು. ಅವಳು ಮೂರು ಸಲ ಒಗೆದು ಗಂಜಿ ತೆಗೆದ ಬಟ್ಟೆಯಿಂದ ಸಣ್ಣ ಚೀಲ ಹೊಲಿದು, ಅದಕ್ಕೆ ಒಂದು ಮೊಳದ ಕೆಂಪು ಬಾಲ ಹಚ್ಚಿ ತಂದಿದ್ದಳು.

"ನೋಡ್ರಿ, ಇದು ನಿಂತಾಗ ನಳಿಗಿ ಮ್ಯಾಲ. ಹಾರುವಾಗ ಈ ತೂತಿನಾಗ ಗಂಟ ಹಾಕಿ ಕಟ್ಟೂದು. ಇಲ್ಲಿ ಬಟ್ಟಿ ಕಂಡ್ರ ಅಲ್ಲಿಲ್ಲ ಅಂತ ತಿಳೀತು. ಇಲ್ಲಿ ಕಾಣಲಿಲ್ಲಂದ್ರ ಎಂಜಿನ್ ಚಾಲೂ ಮಾಡೂದಿಲ್ಲ."

ನೇಮಿನಾಥ ಹೆಂಡತಿಯ ಮುಖ ನೋಡಿದ, ತೂತು ನೋಡಿದ. ನಾಲ್ಕು ತಿಂಗಳು ತಾನು ತಿರುವಿ ಹಾಕಿದ ಯಾವ ಪುಸ್ತಕದಲ್ಲೂ ಈ ಉಪಕರಣ ಇರಲಿಲ್ಲ.

ಮೂರನೆಯ ದಿನ ಮುಂಜಾನೆ ಸ್ನೇಹಲ ಬಂದಾಗ ಗಾಳಿ ಅಲುಗುತ್ತಿರಲಿಲ್ಲ. ಹಂಗಾಮು ಮುಗಿದಿದ್ದ ದೂರದ ಸಕ್ಕರೆ ಕಾರಖಾನೆಯ ಚಿಮಣಿ ಹೊಗೆಯಿಲ್ಲದೆ ನಿಂತಿತ್ತು. ಅವಳು ತಗಡನ್ನು ಬೆರಳಿನಿಂದ ಹಿಂದಕ್ಕೆ ನೂಕಿ ಬಿಟ್ಟಳು, ಗೀರುಗಳನ್ನು ಓದಿದಳು, ಹೇಗೆ ಅಳೆದಿರೆಂದು ಕೇಳಿ ತಿಳಿದಳು. ಹಳೆಯ ಕಾಲದ ವಿಮಾನಗಳಲ್ಲಿ ಇಂಥದೇ ಇರುತ್ತಿತ್ತು ಕಾಕಾ, ಯಾವ ಪುಸ್ತಕ ನೋಡಿದಿರಿ ಎಂದಳು. ನೇಮಿನಾಥ ಅಂಗೈ ತೋರಿಸಿದ. ಕೆಂಪು ನೂಲು ಕಂಡಾಗ ಅವಳ ಮುಖ ಅರಳಿತು. ಎಂಜಿನ್ನಿಲ್ಲದ ಗ್ಲೈಡರ್ ಹಾರಿಸುವಾಗ ತನ್ನ ಕಣ್ಣ ಮುಂದೆಯೂ ಇದೇ ನೂಲು ಇರುತ್ತದೆಂದಳು. ಆಮೇಲೆ ಮೊದಲು ಪರದೆ ಹಚ್ಚಿ, ನಂತರ ಆರಿಸಿ, ಹೊಲದಲ್ಲಿ ಎರಡು ಸಲ ಓಡಿಸಿ ನೋಡಿದಳು. ತಗಡು, ಗಡಿಯಾರ, ಪರದೆ ಮೂರೂ ಒಂದೇ ಮಾತು ಹೇಳಿದವು.

"ಏರ್ತೀನಿ ಕಾಕಾ. ಮ್ಯಾಲೆ ಹೋಗಿ ಪರದೆ ಆರಸ್ತೀನಿ, ಗಡಿಯಾರಕ್ಕ ರಟ್ಟು ಮುಚ್ಚತೀನಿ. ಆರಿಸಿದ ಕೂಡ್ಲೆ ರೆಕ್ಕಿ ಅಲ್ಲಾಡಸ್ತೀನಿ. ಆಮ್ಯಾಲೆ ನಿಮ್ಮ ತಗಡಿನ ಮ್ಯಾಲೇ ಇಳೀತೀನಿ."

ತಾರಾಬಾಯಿ ನಳಿಗೆಯ ಚೀಲ ತೆಗೆದು, ಮೂರನೆಯ ತೂತಿನಲ್ಲಿ ತೂರಿಸಿ ಗಂಟು ಹಾಕಿ, ಒಮ್ಮೆ ಎಳೆದು ನೋಡಿ ಹಿಂದೆ ಸರಿದಳು.

ವಿಮಾನ ಓಡಿತು. ಹೊಲದ ಅರ್ಧಕ್ಕೆ ಬಂದಾಗ ಅದರ ಗಾಲಿಗಳಿಗೂ ಅವುಗಳ ನೆರಳಿಗೂ ನಡುವೆ ಒಂದು ಗೇಣು ಬೆಳಕು ಕಂಡಿತು. ನೇಮಿನಾಥನಿಗೆ ಅಷ್ಟು ಕಂಡಿದ್ದೇ ಸಾಕಾಯಿತು, ಕಣ್ಣು ಮಸುಕಾದವು. ಹೊಳೆಯ ಮೇಲೆ, ಕಬ್ಬಿನ ಹಸಿರಿನ ಮೇಲೆ ಅದು ದೊಡ್ಡ ಸುತ್ತು ಹಾಕಿತು. ಮೂರನೆಯ ಸುತ್ತಿನಲ್ಲಿ ರೆಕ್ಕೆಗಳು ಅತ್ತ ಒಮ್ಮೆ, ಇತ್ತ ಒಮ್ಮೆ ಬಾಗಿದವು. ಪರದೆ ಆರಿತ್ತು. ಇನ್ನು ಅಲ್ಲಿ ಒಂದು ತಗಡು, ಒಂದು ಸ್ಪ್ರಿಂಗು, ಒಂದು ಎಳೆ ನೂಲು. ನೇಮಿನಾಥ ತನಗೆ ತಿಳಿಯದೇ ಅಂಗೈಯನ್ನು ಮುಂದಕ್ಕೆ ಚಾಚಿ ಹಿಡಿದುಕೊಂಡಿದ್ದ. ಅಣ್ಣಾಸಾಬನೂ ಬಾಯಿ ಮುಚ್ಚಿಕೊಂಡಿದ್ದ, ಅದೇ ದೊಡ್ಡ ಆಶ್ಚರ್ಯ.

ವಿಮಾನ ಬೇವಿನ ಮರದ ಆಚೆಯಿಂದ ಇಳಿಯುತ್ತ ಬಂತು. ಅವಸರವಿಲ್ಲ, ಅಳುಕಿಲ್ಲ. ಬಿಳಿ ನೆಲಕ್ಕೆ ತಾಗಿತು, ಸಣ್ಣಗೆ ಒಮ್ಮೆ ಪುಟಿಯಿತು, ಮತ್ತೆ ತಾಗಿ ಹಾಗೇ ಓಡಿ ನಿಂತಿತು. ಸ್ನೇಹಲ ಇಳಿದವಳೇ, "ಎಪ್ಪತ್ತೈದು ಬಿಟ್ಟ ಅಲ್ಲಾಡಲಿಲ್ಲ ಕಾಕಾ, ನಿಮ್ಮ ತಗಡು," ಎಂದಳು. ಹಲಗೆಯಲ್ಲಿ ಇನ್ನು ಏನನ್ನೂ ಬದಲಿಸಬೇಡಿ ಎಂದೂ, ಮುಂದಿನ ರಜೆಯಲ್ಲಿ ಬಂದು ನಿಮ್ಮನ್ನು ಪಕ್ಕದಲ್ಲಿ ಕೂಡಿಸಿಕೊಂಡು ಕಲಿಸಲು ಶುರು ಮಾಡುತ್ತೇನೆ ಎಂದೂ ಹೇಳಿದಳು.

ಅಣ್ಣಾಸಾಬ ತನ್ನ ಸವಳು ಹೊಲವನ್ನು ಈ ತುದಿಯಿಂದ ಆ ತುದಿಗೆ ನೋಡಿದ. "ಬೆಳೀತಲ್ಲೋ ನೇಮ್ಯಾ," ಎಂದ.

ಇವರೆಲ್ಲ ಮಾತಾಡುತ್ತಿರುವಾಗ ತಾರಾಬಾಯಿ ಒಬ್ಬಳೇ ವಿಮಾನದ ಹತ್ತಿರ ಹೋದಳು. ತೂತಿನ ಗಂಟು ಬಿಚ್ಚಿ, ಚೀಲ ಝಾಡಿಸಿ, ನಳಿಗೆಯ ಬಾಯಿಗೆ ತೊಡಿಸಿ ದಾರ ಬಿಗಿದಳು. ಕಣಜ ಬಂದಿತು. ಕೆಂಪು ಬಾಲದ ಸುತ್ತ ಎರಡು ಸುತ್ತು ಹಾಕಿ, ಮುಚ್ಚಿದ ಬಾಗಿಲು ಕಂಡು ಬೇವಿನ ಮರದ ಕಡೆ ಹಾರಿಹೋಯಿತು.